ಐದನೆಯ ಪಟ್ಟಿಯ ಮೇಲೊಂದು ಸಾವು

ನನ್ನ ಮೈದುನನಷ್ಟು ಶಾಂತ ಸ್ವಭಾವದ ಮನುಷ್ಯ ಐನಾಪುರದಿಂದ ಕಾಗವಾಡದವರೆಗೆ ಹುಡುಕಿದರೂ ಸಿಗಲಾರ. ಅದನ್ನು ನೆನೆದರೇ ನನಗೆ ಮೈಯೆಲ್ಲ ಉರಿಯುತ್ತದೆ! ಕೂಗಾಡುವ ಗಂಡಸಾದರೆ ನಾವೂ ಎರಡು ಮಾತು ಕೂಗಿ ಹಗುರಾಗಬಹುದು. ಕುಡಿಯುವವನಾದರೆ ಊರ ಹಿರಿಯರನ್ನು ಕೂಡಿಸಿ ಬುದ್ಧಿ ಹೇಳಿಸಬಹುದು. ಆದರೆ ಮನೆಯ ಮೂಲೆಯಲ್ಲಿ ಗೋಡೆಗೆ ಆತು ಕೂತು, ಯಾರಿಗೂ ಒಂದು ಮಾತೂ ಅನ್ನದೆ, ಹೊತ್ತೇರಿದಾಗಿನಿಂದ ಹೊತ್ತು ಮುಳುಗುವತನಕ ಒಂದೇ ಸ್ವರವನ್ನು 'ಡುಂ' ಎಂದು ಬಾರಿಸುವವನನ್ನು ಏನು ಮಾಡುತ್ತೀರಿ? ಯಾವ ಪಂಚರ ಮುಂದೆ ಕೂರಿಸುತ್ತೀರಿ? ಪಂಚರು ಬಂದರೆ ಅವರನ್ನೂ ಕೂರಿಸಿ ಬಾರಿಸಿ ತೋರಿಸುತ್ತಾನೆ!

ಗಣಪತಿ ಹಬ್ಬವೆಂದರೆ ಆರ್ಕೆಸ್ಟ್ರಾ ಎನ್ನುತ್ತಿದ್ದ ಕಾಲ ಅದು, ತೊಂಬತ್ತರ ಆಚೀಚೆ. ನಮ್ಮ ಗಡಿ ಭಾಗದಲ್ಲಂತೂ ಒಂದೇ ಸ್ಟೇಜಿನ ಮೇಲೆ ಮರಾಠಿ ಹಾಡು, ಹಿಂದಿ ಹಾಡು, ಕನ್ನಡ ಹಾಡು ಮೂರೂ ಆಗಬೇಕು. ಒಂದು ಕಡಿಮೆಯಾದರೂ ಕಲ್ಲು ಬೀಳುತ್ತಿದ್ದವು. ಅಂಥ ಒಂದು ಆರ್ಕೆಸ್ಟ್ರಾದಲ್ಲಿ ನಮ್ಮ ಮೈದುನ ಬೇಸ್ ಗಿಟಾರ್ ಬಾರಿಸುತ್ತಿದ್ದ. ಉಳಿದ ದಿನ ಅಣ್ಣನ ಜೊತೆ ದ್ರಾಕ್ಷಿ ಬಾಗಿನ, ಅಂದರೆ ತೋಟದ, ಕೆಲಸ. ಗಿಟಾರು ಹೊಸದೇನಲ್ಲ. ಅದನ್ನು ಮೊದಲು ಬಾರಿಸುತ್ತಿದ್ದವರು ಸಂಗೀತಕ್ಕೆ ಶರಣು ಹೊಡೆದು ಕೋಳಿ ಸಾಕಣೆಗೆ ಇಳಿದಾಗ ಇವನ ಪಾಲಿಗೆ ಬಂದದ್ದು. ಅವರು ಯಾಕೆ ಕೋಳಿಗಳೇ ವಾಸಿ ಎಂದುಕೊಂಡರು ಎಂಬುದು ನನಗೆ ಆಮೇಲೆ ತಿಳಿಯಿತು.

ನೀವು ಬೇಸ್ ಗಿಟಾರನ್ನು ನೋಡಿಲ್ಲದಿದ್ದರೆ ಹೇಳುತ್ತೇನೆ. ನೊಗದಷ್ಟು ಉದ್ದನೆಯ ಕುತ್ತಿಗೆ, ಅದರ ಮೇಲೆ ಅಡ್ಡಡ್ಡ ತಂತಿಯ ಪಟ್ಟಿಗಳು, ಉದ್ದಕ್ಕೆ ಹಗ್ಗದಂಥ ನಾಲ್ಕು ತಂತಿಗಳು, ತುದಿಯಲ್ಲಿ ಅವನ್ನು ಬಿಗಿಯುವ ತಲೆ. ಅದರಲ್ಲಿ ಹಾಡು ಬರುವುದಿಲ್ಲ! ಹಾಡಿನ ಕೆಳಗೆ ಗುಂಯ್‌ಗುಡುವುದಷ್ಟೇ ಅದರ ಕೆಲಸ. ಮನೆಗೆ ಬಂದ ದಿನ ನಮ್ಮ ಅತ್ತೆ ಅರ್ಧ ಗಂಟೆ ಕಾದು ಕೂತು ಕೇಳಿ, "ಯಪ್ಪಾ, ಶುರು ಯಾವಾಗ ಮಾಡಾಂವ?" ಎಂದಿದ್ದರು. ಅವನು ಆಗಲೇ ಮೂರು ಹಾಡು ಮುಗಿಸಿದ್ದ!

ಅಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಮುಖ ಬಾಡಿತ್ತು.

"ವೈನಿ, ಐದನೇ ಪಟ್ಟಿ ಮ್ಯಾಲ ಸ್ವರ ಸಾಯಾಕತ್ತೇತ್ರಿ."

"ಮಣ್ಣ ಮಾಡಿ ಬಾ. ಬಂದು ಜಳಕಾ ಮಾಡು, ರೊಟ್ಟಿ ಬಿಸಿ ಅದಾವು," ಎಂದೆ ನಾನು.

ಅವನು ನಗಲಿಲ್ಲ. ಗಿಟಾರನ್ನೂ ಅದರ ಸ್ಪೀಕರ್ ಪೆಟ್ಟಿಗೆಯನ್ನೂ ತಂದು ಒಲೆಯ ಮುಂದೆಯೇ ಕೂತ. ಎಲ್ಲಕ್ಕಿಂತ ತೆಳುವಾದ ತಂತಿಯನ್ನು ಮೂರನೆಯ ಪಟ್ಟಿಯಲ್ಲಿ ಒತ್ತಿ ಬಾರಿಸಿದ: ಡುಂ. ಐದನೆಯ ಪಟ್ಟಿಯಲ್ಲಿ ಒತ್ತಿ ಬಾರಿಸಿದ: ಡುಂ.

"ಕೇಳಿತ್ರಿ? ಮೊದಲನೇದು ಎಷ್ಟೊತ್ತು ಉಳೀತು, ಎರಡನೇದು ಹೆಂಗ ಹುಟ್ಟಿದಲ್ಲೇ ಸತ್ತತು?"

"ಎರಡೂ ಒಂದ ಅದಾವಪಾ."

ಅವನು ನನ್ನನ್ನು ನೋಡಿದ ನೋಟ ನೋಡಬೇಕಿತ್ತು. ಸಾವಿನ ಮನೆಗೆ ಬಂದು ಊಟ ಯಾವಾಗ ಎಂದು ಕೇಳಿದವರನ್ನು ಹಾಗೆ ನೋಡುತ್ತಾರೆ.

ಅಂದಿನಿಂದ ಶುರುವಾಯಿತು ನೋಡಿ ಮನೆಯೊಳಗೆ ವೈದ್ಯಕೀಯ. ರೋಗದ ಮೂಲವನ್ನು ಅವನೇ ಪತ್ತೆ ಹಚ್ಚಿದ್ದ. ಅದನ್ನು ನನಗೆ ತಿಳಿಸಿ ಹೇಳದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ತಂತಿ ಅಳ್ಳಾಡಿದಾಗ ಕುತ್ತಿಗಿ ಕಟ್ಟಿಗೀನೂ ಅದರ ಜೋಡಿ ಅಳ್ಳಾಡತೈತ್ರಿ ವೈನಿ. ಆ ಒಂದು ಸ್ವರ ಬಂತಂದ್ರ ತಂತಿ ಜೀವಾನೆಲ್ಲ ಕಟ್ಟಿಗಿ ಕುಡದ ಬಿಡತೈತಿ."

"ಹಂಗಾರ ಕಟ್ಟಿಗಿಗೆ ಕುಡಿಯೂ ಚಟಾ ಬಿಡಸು!"

"ಅದ ರೀ ನಾ ಮಾಡಾಂವ! ಗಿಟಾರಿನ ತಲೀಗೆ ಒಂದೀಟು ಭಾರ ಕಟ್ಟಿದ್ರ ಕಟ್ಟಿಗಿ ಅಳ್ಳಾಡೂ ರೀತಿ ಬದಲಾಗತೈತಿ. ಆಮ್ಯಾಲ ಕುಡಿಯಂಗಿಲ್ಲ."

"ನಿನ್ನ ತಲೀಗೂ ಒಂದು ಭಾರ ಬೇಕಾಗೇತಿ. ಲಗ್ನಾ ಮಾಡ್ಕೋ," ಎಂದರು ಒಳಗಿನಿಂದ ಅತ್ತೆ. ಅವರಿಗೆ ಯಾವ ರೋಗಕ್ಕೂ ಅದೊಂದೇ ಔಷಧಿ.

ಎಷ್ಟು ಭಾರ ಕಟ್ಟಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಮನೆಯಲ್ಲಿ ಭಾರವಾಗಿದ್ದದ್ದೆಲ್ಲ ಒಂದೊಂದಾಗಿ ಗಿಟಾರಿನ ತಲೆಗೆ ಏರತೊಡಗಿತು. ಅತ್ತೆಯ ಅಡಕೊತ್ತು ಹೋಯಿತು. ಅವರು ಎಲೆ ಬಾಯಿಗೆ ಹಾಕಿಕೊಂಡು ಅಡಿಕೆ ಕತ್ತರಿಸಲು ಅದಕ್ಕಾಗಿ ಮನೆಯೆಲ್ಲ ಹುಡುಕಿ, ಕೊನೆಗೆ ಸುಣ್ಣ ಎಲೆಗಳನ್ನಷ್ಟೇ ಜಗಿದು ಮಗನಿಗೆ ಶಾಪ ಹಾಕಿದರು. ಯಾಲಕ್ಕಿ ಕುಟ್ಟುವ ನನ್ನ ಹಿತ್ತಾಳೆಯ ಕುಟ್ಟಾಣಿಯ ಗುಂಡು ಹೋಯಿತು. ತಕ್ಕಡಿಯ ಕಬ್ಬಿಣದ ಗುಂಡುಗಳು ಹೋದವು. ಪ್ರತಿಯೊಂದನ್ನೂ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಡುಂ ಎನಿಸಿ, ತಲೆ ಅಲ್ಲಾಡಿಸಿ ಬಿಚ್ಚುತ್ತಿದ್ದ. ಬಿಚ್ಚಿದ್ದನ್ನು ಎಲ್ಲಿ ಇಡುತ್ತಿದ್ದನೋ ಆ ಭಗವಂತನೇ ಬಲ್ಲ!

ಒಮ್ಮೆ ಅಥಣಿಯಲ್ಲಿ ನಮ್ಮ ನೆಂಟರ ಮದುವೆ. ಮನೆಮಂದಿಯೆಲ್ಲ ಹೊರಟೆವು. ಕಡೆಗೆ ಹೊರಬಿದ್ದವನು ಮೈದುನ. ಬಸ್ಸು ಅರ್ಧ ದಾರಿ ದಾಟಿದ ಮೇಲೆ ನನ್ನ ಯಜಮಾನರು ಅವನನ್ನು ಕೇಳಿದರು: "ಬಾಗಲಾ ಬರೋಬರಿ ಹಾಕೀದಿ ಹೌದಿಲ್ಲೋ?"

"ಹಾಕೇನಿ. ಹಗ್ಗ ಕಟ್ಟೇನಿ."

"ಹಗ್ಗ? ಕೀಲಿ ಎಲ್ಲೈತಲೇ?"

ಅವನು ಕಿಟಕಿಯ ಹೊರಗೆ ನೋಡತೊಡಗಿದ. ನಮಗೆಲ್ಲ ಉತ್ತರ ತಿಳಿಯಿತು. ಮನೆಗೆ ಹಗ್ಗ, ಗಿಟಾರಿನ ತಲೆಗೆ ಬೀಗ! ಆ ಮದುವೆಯಲ್ಲಿ ನಾವು ಅಕ್ಷತೆ ಹಾಕಿದ್ದು ಗೊತ್ತು, ಉಂಡದ್ದು ಏನು ಎಂಬುದು ಯಾರಿಗೂ ನೆನಪಿಲ್ಲ. ಮರಳಿ ಬಂದಾಗ ಹಗ್ಗ ಹಾಗೇ ಇತ್ತು. ಕಳ್ಳರಿಗೂ ಆ ಮನೆಯಲ್ಲಿ ಯಾರಿದ್ದಾರೆ ಎಂಬುದು ಗೊತ್ತಿತ್ತೆಂದು ಕಾಣುತ್ತದೆ. ಒಳಗೆ ಹೋದರೆ ಕೂರಿಸಿ ಕೇಳಿಸಿಯಾನು ಎಂಬ ಅಂಜಿಕೆ.

ಅಂಜಿಕೆ ಸುಳ್ಳಲ್ಲ. ಕೇಳುವ ಕಿವಿಗಾಗಿ ಅವನು ಅಷ್ಟು ಹಪಹಪಿಸುತ್ತಿದ್ದ. ಟಪಾಲಿನವನು, ಔಷಧಿ ಹೊಡೆಯುವ ಪಂಪು ರಿಪೇರಿಗೆ ಬಂದವನು, ಹಾಲಿನ ಡೇರಿಯವನು, ಹೊಸ್ತಿಲು ದಾಟಿದ ಯಾರನ್ನೂ ಬಿಡಲಿಲ್ಲ. ಎಲ್ಲರೂ "ಎರಡೂ ಒಂದ ಅನಸತಾವು" ಎಂದು ಚಹಾ ಕುಡಿದು ಹೋದರು. ನಮ್ಮ ಎಮ್ಮೆ ಮೇವು ಬಿಟ್ಟಿತೆಂದು ದನದ ಡಾಕ್ಟರು ಬಂದಾಗ, ಎಮ್ಮೆಯನ್ನು ನೋಡಿ ಮುಗಿಸಿದ ಅವರನ್ನೇ ಕೈ ಹಿಡಿದು ಕರೆದುಕೊಂಡು ಬಂದ. ಅವರ ಕೊರಳಲ್ಲಿ ಎದೆಬಡಿತ ಕೇಳುವ ನಳಿಗೆ ಇತ್ತಲ್ಲ, ಅದನ್ನು ಗಿಟಾರಿನ ಕುತ್ತಿಗೆಗೆ ಹಚ್ಚಿಸಿದ! ಡಾಕ್ಟರು ಕಣ್ಣು ಮುಚ್ಚಿ, ಒಂದು ಕಡೆ ಕೇಳಿ, ಇನ್ನೊಂದು ಕಡೆ ಕೇಳಿ, ನಳಿಗೆಯನ್ನು ಕಿವಿಯಿಂದ ತೆಗೆದು ಗಂಭೀರವಾಗಿ ಹೇಳಿದರು:

"ಎರಡೂ ಗಬ್ಬ ಇಲ್ಲ ನೋಡಪಾ."

ಯಜಮಾನರಿಗೆ ಬೇರೆಯೇ ಉಪಾಯ ಹೊಳೆಯಿತು. ಒಂದು ದಿನ ಅವನು ಬಾರಿಸಿದ ಕೂಡಲೇ, "ಹೌದ ಹೌದ, ಫರಕ್ ಐತಿ! ಭಾಳ ಫರಕ್ ಐತಿ!" ಎಂದುಬಿಟ್ಟರು. ಮೈದುನನ ಮುಖ ಅರಳಿತು. "ಯಾವುದು ಲಗೂನ ಸತ್ತತು ಅಣ್ಣಾ, ಮೊದಲನೇದೋ, ಎರಡನೇದೋ?" ಯಜಮಾನರು ಬೆವೆತು, "ಮೊದಲನೇದು" ಎಂದರು. ತಪ್ಪು! ಅರಳಿದ ಮುಖ ಮುದುಡಿತು. ಎದ್ದು ಬಾಗಿನ ಕಡೆಗೆ ಹೋದ.

ಅಲ್ಲಾದರೂ ನೆಮ್ಮದಿ ಇತ್ತೇ? ದ್ರಾಕ್ಷಿ ಬಳ್ಳಿ ಹಬ್ಬಿಸಲು ಕಂಬದಿಂದ ಕಂಬಕ್ಕೆ ತಂತಿ ಎಳೆದಿರುತ್ತಾರೆ. ಕಟಾವಿನ ಕತ್ತರಿ ಹಿಡಿದು ಒಳಗೆ ಹೋದ ಮನುಷ್ಯ ಆ ತಂತಿಗಳನ್ನು ಮೀಟಿ, ಕಂಬಕ್ಕೆ ಕಿವಿ ಹಚ್ಚಿ ನಿಂತಿರುತ್ತಿದ್ದ. ಕೂಲಿಯ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ನಗುವರು. ಯಜಮಾನರು ಬದುವಿನ ಮೇಲಿಂದ ಕೂಗುವರು: "ಬಾಗ್ ಕಡ್ಯಾಕ ಬಂದೀಯೋ, ಬಾರಸಾಕ ಬಂದೀಯೋ?"

ಕರೆಂಟು ಇಲ್ಲದಾಗ ಇನ್ನೊಂದು ಬಗೆ. ಕರೆಂಟಿಲ್ಲದೆ ಆ ಗಿಟಾರಿಗೆ ದನಿಯಿಲ್ಲ. ಆಗ ಅವನು ಅದರ ಕಟ್ಟಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬಾರಿಸುತ್ತಿದ್ದ. ಹಲ್ಲಿನಿಂದ ಹಾದು ತಲೆಯೊಳಗೆ ಕೇಳಿಸುತ್ತದಂತೆ! ಅತ್ತೆ ಅದನ್ನು ಕಂಡು, "ಹಸದಿದ್ರ ಹೇಳೋ ಯಪ್ಪಾ, ಭಕ್ರಿ ಅದಾವು," ಎಂದು ಕಣ್ಣೀರು ಹಾಕಿದರು. ಇನ್ನೊಂದು ದಿನ ಗಿಟಾರಿನ ತಲೆಯನ್ನು ನನ್ನ ಅಡುಗೆಮನೆಯ ಹಲಗೆಗೆ ಒತ್ತಿ ಹಿಡಿದು ಬಾರಿಸಿದ. ಹಲಗೆಯ ಮೇಲೆ ನನ್ನ ತವರಿನ ಹಿತ್ತಾಳೆ ಪಾತ್ರೆಗಳಿದ್ದವು. ಒಂದೊಂದೇ ಝೇಂಕರಿಸುತ್ತ ತುದಿಗೆ ನಡೆದು ಬಂದವು. ನಾನು "ಅಯ್ಯೋ" ಎನ್ನುವಷ್ಟರಲ್ಲಿ ಚರಿಗೆಯೊಂದು ಮಜ್ಜಿಗೆಯ ಗಡಿಗೆಯೊಳಗೆ ಹಾರಿತು. ಮಜ್ಜಿಗೆಯಲ್ಲಿ ತೊಯ್ದು ನಿಂತ ಮೈದುನ ಸಂತೋಷದಿಂದ ಕೂಗಿದ: "ವೈನಿ, ಉಳೀತ್ರಿ! ಸ್ವರ ಉಳೀತು!"

"ಗಡಿಗಿ ಉಳೀಲಿಲ್ಲೋ!"

ಕಡೆಗೂ ಅವನಿಗೆ ಬೇಕಾದ ಭಾರ ಸಿಕ್ಕಿತು. ಬಡಿಗರು ಅಂಟು ಹಾಕಿದ ಹಲಗೆಗಳನ್ನು ಬಿಗಿದಿಡಲು ಬಳಸುವ ಸಣ್ಣದೊಂದು ಕಬ್ಬಿಣದ ಕ್ಲಾಂಪು. ಕಾಗವಾಡದಿಂದ ತಂದ. ಆದರೆ ಕಬ್ಬಿಣ ತಾಗಿ ಕಟ್ಟಿಗೆಗೆ ಪೆಟ್ಟಾಗಬಾರದಲ್ಲ, ನಡುವೆ ಇಡಲು ಮೆತ್ತನೆಯ ಚರ್ಮ ಬೇಕು. ಮನೆಯಲ್ಲಿ ಮೆತ್ತನೆಯ ಚರ್ಮ ಯಾವುದಿತ್ತು ಹೇಳಿ ನೋಡೋಣ? ಅಥಣಿಯಿಂದ ತಂದು ನಾನಿನ್ನೂ ಕಾಲಿಗೆ ಹಾಕದ ಚಪ್ಪಲಿ! ನಾನು ಆ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ಕೆಲವು ಮರಾಠಿಯಲ್ಲಿದ್ದವು. ನನ್ನ ತವರು ನಿಪ್ಪಾಣಿ, ಸಿಟ್ಟು ಬಂದಾಗ ಒಂದು ಭಾಷೆ ಸಾಲುವುದಿಲ್ಲ. ಅವನು ಎಲ್ಲವನ್ನೂ ಶಾಂತನಾಗಿ ಕೇಳಿಸಿಕೊಂಡು, "ವೈನಿ, ಈಗ ಬಾರಸ್ತೇನಿ, ಕೇಳ್ರಿ," ಎಂದ. ನಾನು ಬಾಗಿಲು ಹಾಕಿಕೊಂಡೆ.

ಇದರ ನಡುವೆ ಅತ್ತೆ ತಮ್ಮ ಔಷಧಿಯನ್ನು ಬಿಟ್ಟಿರಲಿಲ್ಲ. ಎರಡು ಕಡೆಯ ಸಂಬಂಧ "ಆರ್ಕೆಸ್ಟ್ರಾ ಹುಡುಗ" ಎಂದು ಮುರಿದಿದ್ದವು. ಮೂರನೆಯದು ಬೇಡಕಿಹಾಳದಿಂದ ಬಂತು. ಕಬ್ಬಿನ ಹೊಲದ ಮನೆತನ, ಹುಡುಗಿಯ ತಂದೆ ಭಜನೆಯಲ್ಲಿ ತಬಲಾ ಬಾರಿಸುತ್ತಾರಂತೆ. ಇದೂ ತಪ್ಪಿದರೆ ತಾನು ಕಾಶಿಗೆ ಹೋಗುವುದೇ ಸೈ ಎಂದು ಅತ್ತೆ ಘೋಷಿಸಿದರು. ಕನ್ಯಾ ನೋಡಲು ನಾವು ನಾಲ್ವರು ಹೊರಟೆವು. ಬಸ್‌ಸ್ಟ್ಯಾಂಡಿಗೆ ಬಂದು ನೋಡುತ್ತೇನೆ, ಹೊಸ ಅಂಗಿ, ಎಣ್ಣೆ ಹಚ್ಚಿ ತೆಗೆದ ಬೈತಲೆ, ಹೆಗಲ ಮೇಲೆ ಗಿಟಾರು!

"ಏನಪಾ, ಕನ್ಯಾ ನೋಡಾಕ ಇದನ್ಯಾಕ ತಂದಿ?"

"ಸಂಜೀಕ ನಿಪ್ಪಾಣ್ಯಾಗ ಕಾರ್ಯಕ್ರಮ ಐತ್ರಿ. ಬೇಡಕಿಹಾಳದಿಂದ ಹಂಗ ಹೋಗತೇನಿ."

"ಚೀಲದಿಂದ ಹೊರಗ ತಗದಿ ಅಂದ್ರ ನೋಡು," ಎಂದು ಯಜಮಾನರು ಬೆರಳು ತೋರಿಸಿದರು. ಅವನು ಶಾಂತನಾಗಿ ತಲೆಯಾಡಿಸಿದ. ಆ ಶಾಂತಿಯನ್ನು ಕಂಡೇ ನಾನು ಚೀಲದ ಗುಂಡಿಯನ್ನು ಇನ್ನೊಮ್ಮೆ ಬಿಗಿದೆ.

ಬೇಡಕಿಹಾಳದಲ್ಲಿ ಎಲ್ಲ ಚೆಂದವಾಗಿಯೇ ನಡೆಯಿತು. ಉಪ್ಪಿಟ್ಟು ಬಂತು, ಚಹಾ ಬಂತು, ಹುಡುಗಿ ಬಂದು ಮಣೆಯ ಮೇಲೆ ಕೂತಳು. ತಲೆ ತಗ್ಗಿಸಿದ್ದರೂ ಕಣ್ಣು ಚುರುಕಾಗಿದ್ದವು. ಅತ್ತೆ ಕೇಳಿದ್ದಕ್ಕೆಲ್ಲ ಸಣ್ಣ ದನಿಯಲ್ಲಿ ಚೊಕ್ಕ ಉತ್ತರ. ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಹುಡುಗಿಯ ಸೋದರಮಾವನದು. ದೊಡ್ಡ ಮೀಸೆಯ ಆಸಾಮಿ. ಅವರು ನಮ್ಮ ಮೈದುನನ ಕಡೆ ತಿರುಗಿದರು. "ಏನರ ಕೇಳೂದಿದ್ರ ಕೇಳ್ರಿ ಮತ್ತ. ನಾಚಕೋಬ್ಯಾಡ್ರಿ."

"ಕೇಳೂದೇನಿಲ್ರಿ," ಎಂದ ಮೈದುನ. ನಾನು ಉಸಿರು ಬಿಟ್ಟೆ. "ಒಂದು ಕೇಳಸೂದೈತ್ರಿ."

ಯಾರು ಏನು ಎನ್ನುವ ಮೊದಲೇ ಚೀಲದ ಗುಂಡಿ ಬಿಚ್ಚಿತ್ತು! ಗಿಟಾರಿನ ಬುಡವನ್ನು ಅಲ್ಲಿದ್ದ ಕಾಳಿನ ಕಟ್ಟಿಗೆ ಪೆಟ್ಟಿಗೆಗೆ ಆನಿಸಿದ. ಪೆಟ್ಟಿಗೆ ಬರಿದಾಗಿತ್ತು, ಕರೆಂಟಿಲ್ಲದೆಯೂ ದನಿ ಪಡಸಾಲೆಯನ್ನು ತುಂಬಿತು. ತಲೆಗೆ ಏನೂ ಹಾಕದೆ ಒಮ್ಮೆ ಬಾರಿಸಿದ. ಕ್ಲಾಂಪು ಹಾಕಿ ಬಿಗಿದು ಇನ್ನೊಮ್ಮೆ ಬಾರಿಸಿದ. ಕ್ಲಾಂಪಿನ ಕೆಳಗೆ ನನ್ನ ಚಪ್ಪಲಿಯ ತುಂಡು ಇಣುಕುತ್ತಿತ್ತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಯಜಮಾನರು ಮಾಡಿನ ಜಂತಿ ಎಣಿಸತೊಡಗಿದರು.

ಹುಡುಗಿ ತಲೆಯೆತ್ತಿದಳು. "ಇನ್ನೊಮ್ಮೆ ಬಾರಸ್ರಿ," ಎಂದಳು.

ಅವನು ಕ್ಲಾಂಪು ಬಿಚ್ಚಿ ಬಾರಿಸಿದ, ಹಾಕಿ ಬಾರಿಸಿದ. ಹುಡುಗಿ ಕಣ್ಣು ಮುಚ್ಚಿ, ದನಿ ಪೂರ್ತಿ ಅಡಗುವವರೆಗೆ ಕೇಳಿದಳು.

"ಮೊದಲನೇದು ನಡುವ ಸತ್ತ ಹೋತ್ರಿ. ಎರಡನೇದು ಕಡೀತನಕ ಉಳೀತು," ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಮ್ಮಪ್ಪನ ತಬಲಾದಾಗೂ ಒಂದೊಂದು ಸಲ ಹಿಂಗ ಆಗತೈತ್ರಿ," ಎಂದಳು.

ಸೋದರಮಾವ ಎದ್ದು ನಿಂತರು. "ಕನ್ಯಾ ತೋರಸಾಕ ಕರದೇವಿ ನಾವು, ಗಾರುಡಿ ಆಟಾ ನೋಡಾಕಲ್ಲ! ಹೋಗಿ ಬರ್ರಿ. ಹೇಳಿ ಕಳಸ್ತೇವಿ."

'ಹೇಳಿ ಕಳಿಸುತ್ತೇವೆ' ಎಂದರೆ ನಮ್ಮ ಕಡೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತು. ನಾವು ಚಪ್ಪಲಿ ಮೆಟ್ಟಿ ಹೊರಬಿದ್ದೆವು. ಅತ್ತೆ ಕಾಶಿಯ ದಾರಿಯನ್ನು ಗಟ್ಟಿಯಾಗಿ ಕೇಳುತ್ತ ಮುಂದೆ ನಡೆದರು. ಯಜಮಾನರು ಅವರ ಹಿಂದೆ. ನಾನು ಬಸ್‌ಸ್ಟಾಪಿನ ಬೇವಿನ ಗಿಡದ ಕೆಳಗೆ ಮೈದುನನನ್ನು ತಡೆದು ನಿಲ್ಲಿಸಿದೆ. ಇಷ್ಟು ವರ್ಷದ್ದನ್ನೆಲ್ಲ ಇವತ್ತು ಆಡಿಯೇ ಬಿಡಬೇಕು ಎಂದು ಬಾಯಿ ತೆರೆದೆ. ಅವನ ಕಣ್ಣು ತುಂಬಿದ್ದವು.

"ವೈನಿ, ಆಕಿಗೆ ಕೇಳೀತ್ರಿ."

ನಾನು ಅವನ ಹೆಗಲ ಮೇಲಿನ ಗಿಟಾರನ್ನು ಇಳಿಸಿಕೊಂಡೆ.

"ಇಷ್ಟು ಮಂದೀಗೆ ಬಾರಿಸಿ ತೋರಿಸೇನಿ. ಒಬ್ಬರಿಗೂ ಕೇಳಲಿಲ್ಲ. ಕ್ಲಾಂಪ್ ಹಾಕಿದ ಮ್ಯಾಲ ನನಗ ಬರೋಬರಿ ಕೇಳಾಕತ್ತಿತು. ಆದ್ರ ಖರೇನ ಕೇಳಾಕತ್ತೇತೋ, ನನ್ನ ತಲಿನ ಕೆಟ್ಟೇತೋ ಯಾರಿಗ್ಗೊತ್ತು? ಬ್ಯಾನಿ ಮೊದಲ ಇತ್ತೋ ಇಲ್ಲೋ ಅಂತ ಅಂಜಿಕಿ ಬಂದಿತ್ತು ವೈನಿ. ಒಬ್ಬನ ಇದ್ರ ಹಂಗ ಆಗತೈತಿ." ಅಂಗೈಯಿಂದ ಮುಖ ಒರೆಸಿಕೊಂಡ. "ಲಗ್ನಾ ಆಗಲಿ, ಬಿಡಲಿ. ನನಗ ಹುಚ್ಚು ಹಿಡದಿಲ್ಲ ಅಂತ ಗೊತ್ತಾತು."

ಅಷ್ಟರಲ್ಲಿ ನಿಪ್ಪಾಣಿಯ ಬಸ್ಸು ಬಂತು. ಗಿಟಾರು ಹೆಗಲಿಗೇರಿಸಿ ಹತ್ತಿದ. ಕಿಟಕಿಯಿಂದ ಕೈ ಬೀಸಿದ.

ನಾನು ಯಜಮಾನರಿಗೆ, "ಬಂದೆ, ನಿಂದರ್ರಿ," ಎಂದಷ್ಟೇ ಹೇಳಿ ಬಂದ ದಾರಿಯಲ್ಲೇ ತಿರುಗಿ ನಡೆದೆ. ಅವರು ಹಿಂದಿನಿಂದ ಕೂಗಿದ್ದು ಕೇಳಿತು, ನಿಲ್ಲಲಿಲ್ಲ. ಆ ಮನೆಯಲ್ಲಿ ಇನ್ನೂ ಉಪ್ಪಿಟ್ಟಿನ ತಾಟುಗಳನ್ನು ಎತ್ತಿರಲಿಲ್ಲ. ಸೋದರಮಾವ ಬಾಗಿಲಲ್ಲೇ ಇದ್ದರು. ಹುಡುಗಿಯ ತಾಯಿ ಚಾಪೆ ಸುತ್ತುತ್ತಿದ್ದವರು ಮತ್ತೆ ಬಿಡಿಸಿದರು.

"ಖರೆ ಹೇಳ್ರಿ ಬಾಯಾರ, ನಿಮ್ಮ ಮೈದುನ ಹುಚ್ಚ ಅದಾನೋ ಇಲ್ಲೋ?" ಎಂದು ಮೀಸೆಯ ಮಾವ ನೇರವಾಗಿಯೇ ಕೇಳಿದರು.

"ಅದಾನ್ರಿ," ಎಂದೆ.

ಅವರು ಕಕ್ಕಾಬಿಕ್ಕಿಯಾದರು. ಮುಂದೆ ಏನು ಹೇಳಬೇಕೆಂದು ನಾನು ಯೋಚಿಸಿ ಹೋಗಿರಲಿಲ್ಲ. ಬಾಯಿ ತಾನಾಗಿಯೇ ಆಡಿತು.

"ನಾ ಲಗ್ನಾಗಿ ಬಂದ ಹೊಸತರಾಗ, ನಮ್ಮಪ್ಪ ತೀರಕೊಂಡಿದ್ದ ವರ್ಷ. ಮನ್ಯಾಗ ಎಲ್ಲಾರೂ ಚಲೋನ ನೋಡಕೋತಿದ್ರು. ಆದ್ರ ಅಳಬೇಕಂದ್ರ ಜಾಗಾ ಇರಲಿಲ್ಲ. ಹಿತ್ತಲದಾಗ ಮೇವು ಕತ್ತರಿಸೂ ಮಷೀನ್ ಹಚ್ಚಿದಾಗ ಅದರ ಸಪ್ಪಳದಾಗ ನಿಂತು ಅಳತಿದ್ದೆ, ಯಾರಿಗೂ ಕೇಳಬಾರದಂತ. ಯಾರಿಗೂ ಕೇಳಲಿಲ್ರಿ. ನಮ್ಮ ಮನೆಯವರಿಗೂ ಕೇಳಲಿಲ್ಲ. ಅಂವಗ ಕೇಳೀತು. ಯಾಕಂತ ಒಂದು ಮಾತು ಕೇಳಲಿಲ್ಲ, ಯಾರ ಮುಂದೂ ಆಡಲಿಲ್ಲ. ಮರುದಿನ ಸುಮ್ಮನ ಬಸ್ ಹತ್ತಿ ನಿಪ್ಪಾಣಿಗೆ ಹೋಗಿ ನಮ್ಮವ್ವನ್ನ ಕರಕೊಂಡು ಬಂದ. 'ನಿಮ್ಮವ್ವಾರು ದ್ರಾಕ್ಷಿ ಬಾಗ್ ನೋಡಬೇಕಂದ್ರು, ಅದಕ್ಕ ಕರಕೊಂಡ ಬಂದೆ,' ಅಂದ. ಎಂಟು ದಿನ ಇದ್ಲು ನಮ್ಮವ್ವ. ಒಂದ ದಿನಾನೂ ಬಾಗ್ ನೋಡಾಕ ಹೋಗಲಿಲ್ಲ."

ಅದನ್ನು ನಾನು ಅವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅವನಿಗೂ ಹೇಳಿರಲಿಲ್ಲ. ಹುಡುಗಿಯ ತಾಯಿ ನನ್ನ ಮೊಣಕೈ ಹಿಡಿದುಕೊಂಡರು. ಇಷ್ಟೊತ್ತೂ ತುಟಿ ಬಿಚ್ಚದೆ ಕಂಬಕ್ಕೆ ಒರಗಿ ಕೂತಿದ್ದ ಹುಡುಗಿಯ ತಂದೆ, "ತಾರೀಖ ನೋಡ್ರಿ ಇನ್ನ," ಎಂದರು ತಮ್ಮ ಭಾವಮೈದುನನಿಗೆ. ಆ ಮನೆಯಲ್ಲಿ ಅವರ ಮಾತೂ ನಡೆಯುತ್ತದೆ ಎಂದು ಆಗ ತಿಳಿಯಿತು. ಮೀಸೆಯ ಮಾವ ಕೆಮ್ಮಿ, ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಕಡೆ ನಡೆದರು.

ಅಡುಗೆಮನೆಯ ಬಾಗಿಲಲ್ಲಿ ಹುಡುಗಿಯ ಬಳೆಯ ಸದ್ದಾಯಿತು.

"ಅಕ್ಕಾರ, ಬಿಸಲಾಗ ತಿರುಗಿ ಬಂದೀರಿ. ಚಾ ಇಡ್ಲ್ಯಾ?"

"ಇಡವಾ," ಎಂದೆ. "ಅಲ್ಲೆ ಬಸ್‌ಸ್ಟಾಪಿನ್ಯಾಗ ಇಬ್ರು ಅದಾರ. ಅವರನ್ನೂ ಕರೀತೇನಿ."